ಬಾಲದ ರೋಟರೂ ಆನೆಗೊಂದಿಯ ಹರಿಗೋಲೂ

ಪ್ರಶ್ನೆ: 2019ರ ಆಗಸ್ಟ್ ಪ್ರವಾಹದಲ್ಲಿ ವಿರೂಪಾಪುರ ಗಡ್ಡೆಯಲ್ಲಿ ಸಿಲುಕಿದ್ದವರನ್ನು ಕರೆತಂದ ಹೆಲಿಕಾಪ್ಟರಿನ ಬಾಲದಲ್ಲಿ ಪುಟ್ಟ ರೋಟರೊಂದು (ಬ್ಲೇಡುಗಳ ತಿರುಗುಚಕ್ರ) ತಿರುಗುತ್ತಿತ್ತು. ವಾಯುಪಡೆಯ ಹೆಲಿಕಾಪ್ಟರಾದ ಚಿನೂಕ್‌ನಲ್ಲಿ ಅದು ಕಾಣುವುದಿಲ್ಲ. ಏಕೆ? ಸೇನೆಗೆ ಯಾವ ವಿನ್ಯಾಸ ಮೇಲು?
— ಓದುಗರೊಬ್ಬರು, ಗಂಗಾವತಿ

ಉತ್ತರ: ನಿಮ್ಮ ಸಮೀಪದ ಆನೆಗೊಂದಿಯ ಹರಿಗೋಲಿನಲ್ಲೇ ಇದನ್ನು ಕಾಣಬಹುದು. ನಿಂತ ನೀರಿನಲ್ಲಿ ಹರಿಗೋಲಿನ ನಡುವೆ ನಿಂತು, ಉದ್ದನೆಯ ಗಳುವೊಂದನ್ನು ತಲೆಯ ಮೇಲೆ ಬಲಕ್ಕೆ ಬೀಸಿ ತಿರುಗಿಸಲು ಹೊರಟರೆ, ಕಾಲಡಿಯ ಹರಿಗೋಲು ಎಡಕ್ಕೆ ತಿರುಗತೊಡಗುತ್ತದೆ (ಈಜು ಬಾರದವರು ಪರೀಕ್ಷಿಸಲು ಹೋಗಬಾರದು). ಎಂಜಿನ್ ರೋಟರನ್ನು ತಿರುಗಿಸುವಾಗ ಹೆಲಿಕಾಪ್ಟರಿನ ಒಡಲೂ ಹೀಗೆಯೇ ವಿರುದ್ಧ ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಅದನ್ನು ಪಕ್ಕದಿಂದ ನೂಕಿ ತಡೆಯುವುದೇ ಬಾಲದ ರೋಟರಿನ ಕೆಲಸ. ಬಾಲ ಉದ್ದವಾಗಿರುವುದರಿಂದ, ಸನ್ನೆಗೋಲಿನಲ್ಲಿ ಆಗುವಂತೆ, ಸಣ್ಣ ರೋಟರಿನ ಬಲವೇ ಸಾಕಾಗುತ್ತದೆ. ಪೈಲಟ್ ಪೆಡಲ್ ಒತ್ತಿ ಅದರ ಬ್ಲೇಡುಗಳ ಓರೆಯನ್ನು ಬದಲಿಸಿದರೆ ಮೂತಿ ಬೇಕಾದತ್ತ ತಿರುಗುತ್ತದೆ. ಆದರೆ ಇದಕ್ಕೆ ವ್ಯಯವಾಗುವ ಎಂಜಿನ್ ಶಕ್ತಿ ಭಾರ ಎತ್ತುವುದಕ್ಕೆ ಒದಗುವುದಿಲ್ಲ.

2019ರಲ್ಲಿ ವಾಯುಪಡೆಗೆ ಸೇರಿದ ಚಿನೂಕ್‌ನಲ್ಲಿ ಮುಂದೊಂದು, ಹಿಂದೊಂದು ದೊಡ್ಡ ರೋಟರುಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗಿ, ಒಂದರ ತಿರುಚುಬಲವನ್ನು ಇನ್ನೊಂದು ಅಳಿಸುತ್ತದೆ. ಬಾಲಕ್ಕೆಂದು ಶಕ್ತಿ ಪೋಲಾಗುವುದಿಲ್ಲ. ಎರಡರ ಬ್ಲೇಡುಗಳು ಒಂದರ ಸುತ್ತಿನೊಳಗೆ ಇನ್ನೊಂದು ಹಾಯುವುದರಿಂದ, ಅವು ಬಡಿದುಕೊಳ್ಳದಂತೆ ಬೆನ್ನಿನುದ್ದಕ್ಕೂ ಸಾಗುವ ಶಾಫ್ಟ್ ಎರಡನ್ನೂ ಒಂದೇ ತಾಳಕ್ಕೆ ಕಟ್ಟಿಹಾಕಿರುತ್ತದೆ. ಎಂಜಿನ್‌ಗಳಲ್ಲೊಂದು ಕೆಟ್ಟರೂ ಉಳಿದೊಂದು ಎರಡೂ ರೋಟರುಗಳನ್ನು ತಿರುಗಿಸಬಲ್ಲುದು. ನೌಕಾಪಡೆಯ ಕಾಮೋವ್‌-31ರಲ್ಲಿ ರೋಟರುಗಳು ಒಂದರ ಮೇಲೊಂದಿವೆ. ಉದ್ದನೆಯ ಬಾಲ ಬೇಡವಾದ್ದರಿಂದ ಅದು ಹಡಗಿನ ಇಕ್ಕಟ್ಟಿಗೆ ಹೇಳಿಮಾಡಿಸಿದಂತಿದೆ.

ಮೇಲು ಯಾವುದೆಂಬುದು ಹೊರಿಸುವ ಕೆಲಸವನ್ನು ಅವಲಂಬಿಸಿದೆ. ಫಿರಂಗಿ ಹೊತ್ತೊಯ್ಯಲು ಚಿನೂಕ್ ಸರಿ. ಆದರೆ ಕಣಿವೆಯಲ್ಲಿ ಥಟ್ಟನೆ ಹೊರಳಿ ದಾಳಿ ಮಾಡಲು ನಾನು ಎಚ್‌ಎಎಲ್‌ನ ಪ್ರಚಂಡವೆಂಬ, ಬಾಲದ ರೋಟರಿರುವ ದಾಳಿ ಹೆಲಿಕಾಪ್ಟರನ್ನೇ ಆರಿಸುತ್ತೇನೆ. ಕಾರಣ ಅದರ ಮುಖ್ಯ ರೋಟರಿನಲ್ಲಿದೆ. ಮುನ್ನುಗ್ಗುವಾಗ ಮುಂದಕ್ಕೆ ಬರುವ ಬ್ಲೇಡಿಗೆ ಎದುರುಗಾಳಿ ಹೆಚ್ಚಾಗಿ ತಾಗಿ ಅದು ಮೇಲೇಳುತ್ತದೆ, ಹಿಂದಕ್ಕೆ ಹೋಗುವುದು ತಗ್ಗುತ್ತದೆ. ಅನೇಕ ಹೆಲಿಕಾಪ್ಟರುಗಳಲ್ಲಿ ಈ ಏರಿಳಿತಕ್ಕಾಗಿ ಬ್ಲೇಡಿನ ಬುಡದಲ್ಲಿ ಕೀಲು ಇರುತ್ತದೆ. ಎಚ್‌ಎಎಲ್‌ನ ಇನ್ನೊಂದು ಹೆಲಿಕಾಪ್ಟರಾದ ಧ್ರುವ ಹಾಗೂ ಪ್ರಚಂಡಗಳ ನಾಲ್ಕು ಬ್ಲೇಡುಗಳ ರೋಟರಿನಲ್ಲಿ ಆ ಕೀಲಿಲ್ಲ, ಅದರ ಬದಲು ನಾರುಗಳಿಂದ ಹೆಣೆದ ಬಾಗುವ ವಸ್ತುವೇ ಬಳುಕುತ್ತದೆ. ಹೀಗಾಗಿ ಪೈಲಟ್ ಹಿಡಿಕೆಯನ್ನು ವಾಲಿಸಿದೊಡನೆ ರೋಟರಿನ ವಾಲಿಕೆ ಒಡಲಿಗೆ ನೇರವಾಗಿ ತಲುಪಿ, ಇಡೀ ಯಂತ್ರ ಅತ್ತ ಹೊರಳುತ್ತದೆ.