ಚಿಪ್ ಪರೀಕ್ಷೆಯ ಪ್ರೋಬ್: ಸ್ಪ್ರಿಂಗ್ ಬಲ ಹೆಚ್ಚಿಸಿದರೆ ಸಾಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ತಳದಲ್ಲಿ ತವರದ ಬೆಸುಗೆ ಗುಂಡುಗಳಿರುವ ಚಿಪ್‌ಗೆ ಪರೀಕ್ಷೆಗೆ ಕೂರಿಸಲು ಸ್ಪ್ರಿಂಗ್ ಪ್ರೋಬ್‌ಗಳ (ಒಳಗೆ ಸ್ಪ್ರಿಂಗ್ ಇರುವ, ಒತ್ತಿದರೆ ತಗ್ಗುವ ಸಂಪರ್ಕದ ಕಡ್ಡಿಗಳ) ಸಾಕೆಟ್ ಮಾಡಿದ್ದೀರಿ. ಹೊಸದರಲ್ಲಿ ಎಲ್ಲವೂ ಸರಿಯಿತ್ತು. ಕೆಲವು ಸಾವಿರ ಚಿಪ್‌ಗಳಾದ ಮೇಲೆ ಒಳ್ಳೆಯ ಚಿಪ್‌ಗಳೂ ಫೇಲ್ ಆಗುತ್ತಿವೆ, ಎತ್ತಿ ಮತ್ತೊಮ್ಮೆ ಒತ್ತಿದರೆ ಪಾಸಾಗುತ್ತಿವೆ. ಇನ್ನೂ ಗಟ್ಟಿಯಾದ ಸ್ಪ್ರಿಂಗ್ ಹಾಕಬೇಕೇ?

ಬೇಡ, ಮೊದಲ ಹೆಜ್ಜೆಯಾಗಿಯಂತೂ ಬೇಡವೇ ಬೇಡ. ಈ ಕೆಲಸದಲ್ಲಿರುವ ನಮ್ಮೆಲ್ಲರಿಗೂ ಮೊದಲು ಹೊಳೆಯುವುದು ಅದೇ ಉಪಾಯ, ಆದರೆ ಅದರ ಫಲ ಅಷ್ಟಕ್ಕಷ್ಟೇ. ಎರಡು ಲೋಹಗಳು ಎಷ್ಟೇ ನುಣುಪಾಗಿ ಕಂಡರೂ ಅವು ನಿಜವಾಗಿ ತಾಕುವುದು ಕೆಲವೇ ಸೂಕ್ಷ್ಮ ಬಿಂದುಗಳಲ್ಲಿ. ವಿದ್ಯುತ್ತೆಲ್ಲ ಆ ಬಿಂದುಗಳಲ್ಲೇ ನುಸುಳಬೇಕು. ಬಲ ಹೆಚ್ಚಿದಂತೆ ಬಿಂದು ಅಗಲವಾಗುತ್ತದೆ, ಆದರೆ ರೋಧ ಇಳಿಯುವುದು ಬಲದ ವರ್ಗಮೂಲದ ಲೆಕ್ಕದಲ್ಲಿ: ರೋಧ ಅರ್ಧವಾಗಬೇಕಾದರೆ ಬಲ ನಾಲ್ಕು ಪಟ್ಟಾಗಬೇಕು. ಇನ್ನೊಂದು ಲೆಕ್ಕ ನೋಡಿ. ಚಿನ್ನಕ್ಕೆ ಚಿನ್ನ ತಾಕಿ, ಬಿಂದುವಿನ ತ್ರಿಜ್ಯ 5 ಮೈಕ್ರಾನ್ ಇದ್ದರೂ ಅಲ್ಲಿನ ರೋಧ ಸುಮಾರು 2 ಮಿಲಿಓಮ್ ಮಾತ್ರ. ನಿಮಗೆ ಕಾಣುತ್ತಿರುವುದು ನೂರಾರು ಮಿಲಿಓಮ್‌ಗಳ ಏರಿಳಿತ. ಅಂದರೆ ತೊಂದರೆ ಲೋಹದ್ದಲ್ಲ, ಲೋಹಗಳ ನಡುವೆ ಬಂದು ಕೂತಿರುವ ಪದರದ್ದು.

ಗಟ್ಟಿ ಸ್ಪ್ರಿಂಗ್‌ಗೆ ತೆರಬೇಕಾದ ಬೆಲೆಯೂ ಇದೆ. ಪ್ರತಿ ಪ್ರೋಬ್‌ಗೆ 30 ಗ್ರಾಂ ಬಲ ಎಂದರೆ ಸಾವಿರ ಪ್ರೋಬ್‌ಗಳ ಸಾಕೆಟ್‌ನಲ್ಲಿ ಚಿಪ್ಪನ್ನು 30 ಕಿಲೋ ಭಾರದಿಂದ ಒತ್ತಬೇಕು. ಅದನ್ನು ಇಮ್ಮಡಿಸಿದರೆ ಸಾಕೆಟ್ಟಿನ ತಟ್ಟೆ ಬಾಗುತ್ತದೆ, ನಡುವಿನ ಪ್ರೋಬ್‌ಗಳಿಗೆ ಸಿಗಬೇಕಾದ ಒತ್ತಡವೇ ಸಿಗುವುದಿಲ್ಲ. ಗುಂಡುಗಳು ಜಜ್ಜಿಹೋಗುವುದು ಬೇರೆ.

ಒಂದು ಹಳೆಯ ಪ್ರೋಬ್ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಡಿ. ನಾಲ್ಕು ಹಲ್ಲುಗಳ ಕಿರೀಟದಂಥ ತುದಿಯಾಗಿದ್ದರೆ ಹಲ್ಲುಗಳ ಸಂದಿಯಲ್ಲಿ ಬೂದು ಬಣ್ಣದ, ಪುಡಿಪುಡಿಯಾದ ಗಸಿ ತುಂಬಿಕೊಂಡಿರುತ್ತದೆ. ಹಲ್ಲಿನ ಮೊನೆಯಲ್ಲಿ ಚಿನ್ನದ ಹಳದಿ ಮಾಯವಾಗಿ, ಮೊನೆ ಸ್ವಲ್ಪ ಮೊಂಡಾಗಿರುತ್ತದೆ. ಆ ಬೂದು ವಸ್ತು ಗುಂಡಿನಿಂದ ಕಿತ್ತು ಬಂದ ತವರ. ಚಿನ್ನ ಮತ್ತು ತವರ ಬಹಳ ಬೇಗ ಬೆರೆತುಕೊಳ್ಳುತ್ತವೆ. ಬಿಸಿಯಲ್ಲಿ ಪರೀಕ್ಷೆ ನಡೆಸಿದರೆ ಇನ್ನೂ ಬೇಗ. ಅಂಟಿದ ತವರ ಗಾಳಿಗೆ ಆಕ್ಸೈಡ್ ಆಗುತ್ತದೆ, ಅದರ ಮೇಲೆ ಮುಂದಿನ ಗುಂಡಿನ ತವರ ಕೂರುತ್ತದೆ. ಎರಡನೆಯ ಸಲ ಒತ್ತಿದಾಗ ಪಾಸಾಗುವುದು ಹಲ್ಲು ಅದೃಷ್ಟವಶಾತ್ ಹೊಸ ಜಾಗದಲ್ಲಿ ಚುಚ್ಚಿದ್ದರಿಂದ.

ಆದ್ದರಿಂದ ತುದಿಯ ಆಕಾರ ಮತ್ತು ಲೋಹವನ್ನು ಮೊದಲು ಬದಲಿಸಿ. ಮೊನಚಾದ ಹಲ್ಲಿದ್ದರೆ ಕಡಿಮೆ ಬಲದಲ್ಲೇ ಆಕ್ಸೈಡ್ ಸೀಳುತ್ತದೆ, ಸಂದಿ ತೆರೆದಿದ್ದರೆ ಗಸಿ ಹೊರಕ್ಕೆ ಬೀಳುತ್ತದೆ. ಚಿನ್ನದ ಲೇಪನದ ಬದಲು ಪೂರ್ತಿ ಪಲ್ಲಾಡಿಯಂ ಮಿಶ್ರಲೋಹದ ತುದಿ ನನ್ನ ಆಯ್ಕೆ; ಸವೆದರೂ ಒಳಗಿರುವುದು ಅದೇ ಲೋಹ. ದುಬಾರಿ, ನಿಜ, ಆದರೆ ಬಾಳಿಕೆ ಬರುತ್ತದೆ. ಚಿಪ್‌ಗಳನ್ನು ಬಿಡಿಬಿಡಿಯಾಗಿ ಕತ್ತರಿಸುವ ಮೊದಲೇ ಇಡೀ ಬಿಲ್ಲೆಯ ಮೇಲೆ ಮಾಡುವ ವೇಫರ್ ಪರೀಕ್ಷೆಯ ಕತೆ ಬೇರೆ: ಅಲ್ಲಿ ಟಂಗ್‌ಸ್ಟನ್-ರೀನಿಯಂ ಸೂಜಿ ಅಲ್ಯೂಮಿನಿಯಂ ಪ್ಯಾಡ್ ಮೇಲೆ ತುಸು ಉಜ್ಜಿಕೊಂಡು ಜರುಗಿ ಆಕ್ಸೈಡನ್ನು ಕೆರೆಯುತ್ತದೆ.

ಅನೇಕರು ಮರೆಯುವ ಇನ್ನೊಂದು ಸಂಪರ್ಕ ಪ್ರೋಬ್‌ನ ಒಳಗೇ ಇದೆ. ಪ್ಲಂಜರ್‌ನಿಂದ (ಒಳಗೆ ಜಾರುವ ಕಡ್ಡಿ) ಬ್ಯಾರೆಲ್‌ಗೆ (ಅದನ್ನು ಸುತ್ತಿರುವ ಕೊಳವೆ) ವಿದ್ಯುತ್ ಹೋಗಬೇಕಾದರೆ ಪ್ಲಂಜರ್ ಬ್ಯಾರೆಲ್‌ನ ಗೋಡೆಗೆ ಒರಗಿರಲೇಬೇಕು. ಅದಕ್ಕೆಂದೇ ಪ್ಲಂಜರ್‌ನ ಬಾಲವನ್ನು ಓರೆಯಾಗಿ ಕತ್ತರಿಸಿರುತ್ತಾರೆ, ಸ್ಪ್ರಿಂಗ್ ಅದನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ಪ್ಲಂಜರ್ ನೆಟ್ಟಗೆ ನಿಂತುಬಿಟ್ಟರೆ ವಿದ್ಯುತ್ತು ಸ್ಪ್ರಿಂಗ್‌ನ ಸುರುಳಿಯಲ್ಲೇ ಹರಿಯಬೇಕಾಗುತ್ತದೆ. ಸುರುಳಿ ಕಾಯುತ್ತದೆ, ಹದ ಕಳೆದುಕೊಳ್ಳುತ್ತದೆ, ಬಲ ಶಾಶ್ವತವಾಗಿ ಕುಸಿಯುತ್ತದೆ. ಚಿಪ್‌ಗೆ ವಿದ್ಯುತ್ ಪೂರೈಸುವ ಪವರ್ ಪಿನ್‌ಗಳಲ್ಲಿ ಇದು ಒಂದರಿಂದ ಇನ್ನೊಂದಕ್ಕೆ ಹಬ್ಬುವುದೂ ಉಂಟು: ಸಮಾಂತರವಾಗಿರುವ ಹತ್ತರಲ್ಲಿ ಮೂರು ಕೊಳೆಯಾದರೆ ಅವುಗಳ ಪಾಲಿನ ಪ್ರವಾಹ ಉಳಿದ ಏಳರ ಮೇಲೆ ಬೀಳುತ್ತದೆ, ಚೊಕ್ಕವಾಗಿದ್ದವೇ ಮೊದಲು ಸುಡುತ್ತವೆ. ಸುಟ್ಟ ಪ್ರೋಬ್ ಕಂಡಾಗ ಅದರ ನೆರೆಯವನ್ನು ಪರೀಕ್ಷಿಸಿ.

ಸ್ಪ್ರಿಂಗ್ ವಿಷಯಕ್ಕೆ ಎರಡೇ ಮಾತು. ಪೂರ್ಣ ಚಲನೆಯ ಮೂರನೇ ಎರಡು ಭಾಗದಷ್ಟೇ ಒತ್ತಿ ಬಳಸಿ. 120 ಡಿಗ್ರಿ ಸೆಲ್ಸಿಯಸ್ ದಾಟುವುದಾದರೆ ಮ್ಯೂಸಿಕ್ ವೈರ್ (ಹೆಚ್ಚು ಇಂಗಾಲದ ಉಕ್ಕಿನ ತಂತಿ) ಬಿಟ್ಟು ಸ್ಟೇನ್‌ಲೆಸ್ ಸ್ಟೀಲ್‌ಗೆ ಹೋಗಿ. ಪ್ರೋಬ್ ಗಿಡ್ಡವಾದಷ್ಟೂ ವೇಗದ ಸಂಕೇತಗಳಿಗೆ ಒಳ್ಳೆಯದು ಎಂಬುದು ಸರಿಯೇ, ಆದರೆ ಚಲನೆ ಕಡಿಮೆಯಾದರೆ ಗುಂಡುಗಳ ಎತ್ತರದ ವ್ಯತ್ಯಾಸವನ್ನು ಸರಿದೂಗಿಸಲು ಆಗುವುದಿಲ್ಲ. ಸಂಕೇತದ ವೇಗ ಬೇಡದ ಕಡೆ ಗಿಡ್ಡ ಮಾಡುವ ಚಪಲ ಬೇಡ.

ಅಳತೆಯಲ್ಲೂ ಎಚ್ಚರ ಬೇಕು. ಸರಾಸರಿ ರೋಧ ಏನನ್ನೂ ಹೇಳುವುದಿಲ್ಲ. ಸಾವಿರದಲ್ಲಿ ಒಂದು ಪ್ರೋಬ್ ಕೈಕೊಟ್ಟರೂ ಚಿಪ್ ಫೇಲ್. 0.8 ವೋಲ್ಟ್‌ನ ಮಾರ್ಗದಲ್ಲಿ 1 ಆಂಪಿಯರ್ ಹರಿಯುವಾಗ 100 ಮಿಲಿಓಮ್ ಹೆಚ್ಚಾದರೆ 0.1 ವೋಲ್ಟ್ ದಾರಿಯಲ್ಲೇ ಹೋಯಿತು. ನಾಲ್ಕು ತಂತಿಯ ವಿಧಾನದಲ್ಲಿ (ಪ್ರವಾಹಕ್ಕೆ ಎರಡು, ವೋಲ್ಟೇಜ್ ಅಳೆಯಲು ಬೇರೆ ಎರಡು) ಪ್ರತಿ ಪ್ರೋಬನ್ನೂ ಪ್ರತ್ಯೇಕವಾಗಿ ಅಳೆಯಿರಿ, ತೆರೆದ ಮಂಡಲದ (ಪ್ರವಾಹ ಹರಿಯದಿರುವಾಗಿನ) ವೋಲ್ಟೇಜ್ 20 ಮಿಲಿವೋಲ್ಟ್ ಮೀರದಂತೆ ನೋಡಿಕೊಳ್ಳಿ. ಹೆಚ್ಚು ವೋಲ್ಟೇಜ್ ಕೊಟ್ಟರೆ ಅದೇ ಆಕ್ಸೈಡ್ ಪದರವನ್ನು ಭೇದಿಸಿ, ಇಲ್ಲದ ಒಳ್ಳೆಯತನ ತೋರಿಸುತ್ತದೆ.

ಈಗ ನೀವು ಮಾಡಬೇಕಾದದ್ದು: ಈಗಿರುವ ಸಾಕೆಟ್ಟನ್ನೇ ಹೀಗೆ ಅಳೆದು, ತುದಿಗಳನ್ನು ಮಾತ್ರ ಶುಚಿಗೊಳಿಸಿ ಮತ್ತೆ ಅಳೆಯಿರಿ. ಅತಿ ಹೆಚ್ಚಿನ ರೋಧದ ಅಳತೆಗಳು ಮಾಯವಾದರೆ ತುದಿಯ ವಿನ್ಯಾಸ ಬದಲಿಸಿ, ಅಲ್ಲಿಯವರೆಗೆ ಶುಚಿಗೊಳಿಸುವ ಅಂತರ ಕಡಿಮೆ ಮಾಡಿ. ಹಾಗೆಯೇ ಉಳಿದರೆ ಆ ಪ್ರೋಬ್‌ಗಳನ್ನು ಸೀಳಿ ಬ್ಯಾರೆಲ್‌ನ ಒಳಗೋಡೆ ನೋಡಿ. ಚಿತ್ರಗಳಿದ್ದರೆ ಇಲ್ಲಿ ಹಾಕಿ, ಪರೀಕ್ಷೆಯ ಉಷ್ಣಾಂಶವನ್ನೂ ತಿಳಿಸಿ.