ಹಂಚು ಕಾಯ್ತಿಲ್ಲ ಅಂದ್ರೆ ಒಲೆ ಹೋಯ್ತು ಅಂತಲ್ಲ

ಪ್ರಶ್ನೆ: ನಮ್ಮದು ಎರಡು ಬರ್ನರಿನ, ಗಾಜಿನ ಮೇಲ್ಮೈಯ ಗ್ಯಾಸ್ ಒಲೆ. ದೊಡ್ಡ ಬರ್ನರಿನ ಉರಿ ಬರಬರುತ್ತಾ ಸಣ್ಣದಾಯಿತು. ಬಣ್ಣ ಮಾತ್ರ ನೀಲಿಯೇ ಇತ್ತು. ನಮ್ಮ ಮನೆಯವರು ಒಲೆ ಮಗುಚಿ ಸೇಫ್ಟಿ ಪಿನ್‌ನಿಂದ ಜೆಟ್ (ಬರ್ನರಿಗೆ ಗ್ಯಾಸ್ ಚಿಮ್ಮುವ ಸಣ್ಣ ಮೂತಿ) ಚುಚ್ಚಿದರು. ಈಗ ಉರಿ ದೊಡ್ಡದಾಗಿದೆ, ಆದರೆ ಹಳದಿ. ಹಂಚು ಕಾಯಲು ಹೊತ್ತಾಗುತ್ತದೆ, ರೊಟ್ಟಿ ಉಬ್ಬುವುದೇ ಇಲ್ಲ, ಪಾತ್ರೆಗಳ ತಳ ಕರ್ರಗಾಗುತ್ತದೆ. ಸಣ್ಣ ಬರ್ನರ್ ಸರಿ ಇದೆ. ಸಿಲಿಂಡರ್ ಬದಲಿಸಿಯೂ ನೋಡಿದೆವು. ಅಂಗಡಿಯವರು "ಇದು ಮುಗೀತ್ರಿ, ಹೊಸಾದ್ ತಗೋರಿ" ಅನ್ನುತ್ತಾರೆ. ಏನು ಮಾಡಲಿ?
– ಗೃಹಿಣಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಹೊಸ ಒಲೆ ಬೇಡ. ನಿಮ್ಮ ಒಲೆ ಮುಗಿದಿಲ್ಲ. ಕೆಟ್ಟಿರೋದು ಎಲ್ಲಿ ಅಂತ ನಿಮ್ಮ ಪತ್ರದಲ್ಲೇ ಇದೆ.

ಸಣ್ಣ ಬರ್ನರ್ ಚೆನ್ನಾಗಿ ಉರಿಯುತ್ತಿದೆ ಅಂದಿರಲ್ಲ, ಅಲ್ಲಿಗೆ ಸಿಲಿಂಡರ್, ರೆಗ್ಯುಲೇಟರ್, ಪೈಪ್ ಮೂರೂ ಪಾರಾದವು. ಒಂದೇ ಪೈಪಿನಿಂದ ಎರಡೂ ಬರ್ನರಿಗೆ ಗ್ಯಾಸ್ ಹೋಗುತ್ತದೆ. ಅದರಲ್ಲಿ ದೋಷ ಇದ್ದರೆ ಎರಡೂ ಸೊರಗಬೇಕಿತ್ತು. ಹಾಗಾಗಿ ಹುಡುಕಬೇಕಾದ ಜಾಗ ದೊಡ್ಡ ಬರ್ನರಿನ ನಾಬ್‌ನಿಂದ ಬರ್ನರಿನ ತಲೆಯವರೆಗೆ, ಒಂದು ಗೇಣು ಅಷ್ಟೇ.

ಇನ್ನು ಉರಿಯ ಬಣ್ಣ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಒಲೆ ರಿಪೇರಿಯ ಅರ್ಧ ಕೆಲಸ ಬಣ್ಣ ನೋಡೋದ್ರಲ್ಲೇ ಇದೆ. ಉರಿ ಸಣ್ಣದಾದರೂ ನೀಲಿಯಾಗಿದ್ದರೆ ಗ್ಯಾಸ್ ಕಡಿಮೆ ಬರುತ್ತಿದೆ ಅಂತ ಅರ್ಥ. ಉರಿ ಹಳದಿಯಾಗಿ, ಮೆತ್ತಗೆ ಓಲಾಡುತ್ತಿದ್ದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಇರುವ ಗಾಳಿಗೆ ಗ್ಯಾಸ್ ಜಾಸ್ತಿಯಾಗಿದೆ. ಜೆಟ್ಟಿನಿಂದ ಚಿಮ್ಮುವ ಗ್ಯಾಸ್ ಬರ್ನರಿನ ಕೆಳಗಿನ ಕೊಳವೆಯೊಳಗೆ ನುಗ್ಗುವಾಗ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಎರಡೂ ಹದವಾಗಿ ಬೆರೆತರೆ ಮಾತ್ರ ನೀಲಿ ಉರಿ. ಹದ ತಪ್ಪಿದರೆ ಗ್ಯಾಸ್ ಪೂರ್ತಿ ಉರಿಯದೆ ಮಸಿಯಾಗಿ ಪಾತ್ರೆಗೆ ಹತ್ತುತ್ತದೆ. ಉರಿ ನೋಡಲು ದೊಡ್ಡದು, ಹಂಚಿಗೆ ತಾಗುವ ಕಾವು ಕಡಿಮೆ. ಜೋಳದ ರೊಟ್ಟಿಗೆ ಇದು ಬೇಗ ಗೊತ್ತಾಗುತ್ತದೆ. ಮೇಲೆ ಸವರಿದ ನೀರು ಆರುವಷ್ಟರಲ್ಲಿ ಕೆಳಮೈ ಬೆಂದಿರಬೇಕು, ಇಲ್ಲದಿದ್ದರೆ ಉಬ್ಬುವ ಬದಲು ಬಿರಿಯುತ್ತದೆ. ಅನ್ನ, ಸಾರು ಹೇಗೋ ಆಗಿಬಿಡುತ್ತವೆ, ಹಾಗಾಗಿ ಒಲೆಯ ಮೇಲೆ ಅನುಮಾನವೇ ಬರುವುದಿಲ್ಲ.

ಈಗ ನಿಮ್ಮ ಕಥೆ ಜೋಡಿಸಿ ನೋಡಿ. ಮೊದಲು ಸಣ್ಣ ನೀಲಿ ಉರಿ: ಜೆಟ್ ಕಟ್ಟಿತ್ತು. ಆಮೇಲೆ ಪಿನ್ ಹೋಯಿತು: ದೊಡ್ಡ ಹಳದಿ ಉರಿ. ಜೆಟ್ಟಿನ ರಂಧ್ರ ಒಂದು ಮಿಲಿಮೀಟರಿಗಿಂತ ಸಣ್ಣದು. ಅದು ಹಿತ್ತಾಳೆಯದು, ಪಿನ್ ಉಕ್ಕಿನದು. ಚುಚ್ಚಿ ತಿರುಗಿಸಿದರೆ ಕಸವೂ ಹೋಗುತ್ತದೆ, ರಂಧ್ರವೂ ಅಗಲವಾಗುತ್ತದೆ. ಇದು ಸೀಮೆಎಣ್ಣೆಯ ಪಂಪ್ ಸ್ಟೋವಿನ ಕಾಲದಿಂದ ಬಂದ ರೂಢಿ. ಆ ಸ್ಟೋವಿಗೆ ಪಿನ್ನು ಬೇಕೇ ಬೇಕಿತ್ತು, ಅಂಗಡಿಯಲ್ಲಿ ಅದಕ್ಕೇ ಅಂತ ಮಾರುತ್ತಿದ್ದರು. ಗ್ಯಾಸ್ ಒಲೆಗೆ ಅದು ಸಲ್ಲದು. ಜೆಟ್ ಕಟ್ಟಿದರೆ ಹಳೆಯ ಟೂತ್‌ಬ್ರಶ್ಶಿನ ಒಂದು ಎಳೆ ಸಾಕು.

ಆದರೂ ಜೆಟ್ಟೇ ಕಾರಣ ಅಂತ ಈಗಲೇ ತೀರ್ಮಾನ ಮಾಡಬೇಡಿ. ಬರ್ನರ್, ಕೊಳವೆ ಕಟ್ಟಿದ್ದರೂ ಉರಿ ಹಳದಿಯಾಗುತ್ತದೆ, ಅದನ್ನು ಮನೆಯಲ್ಲೇ ನೋಡಬಹುದು. ಮೊದಲು ರೆಗ್ಯುಲೇಟರ್ ಬಂದ್ ಮಾಡಿ ಸಿಲಿಂಡರಿನಿಂದ ತೆಗೆದಿಡಿ. ಒಲೆ ಪೂರ್ತಿ ಆರಲಿ. ಬರ್ನರಿನ ತಲೆ ಎತ್ತಿ ಬೆಳಕಿಗೆ ಹಿಡಿಯಿರಿ. ಎಲ್ಲ ತೂತಿನಿಂದಲೂ ಬೆಳಕು ಕಾಣಬೇಕು. ಉಕ್ಕಿದ ಹಾಲು ಸುಟ್ಟು ಕೂತಿದ್ದರೆ ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ನೆನೆಸಿ, ಬ್ರಶ್ಶಿನಿಂದ ತಿಕ್ಕಿ. ಬರ್ನರ್ ಅಲ್ಯೂಮಿನಿಯಂನದಾದರೆ ಸೋಡಾ ಬೇಡ, ಪಾತ್ರೆ ತೊಳೆಯುವ ಸೋಪು ಸಾಕು. ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಬರ್ನರ್ ಫಳಫಳ ಹೊಳೆಸುವವರಿದ್ದಾರೆ. ಹೊಳಪಿಗೂ ಕಾವಿಗೂ ಸಂಬಂಧ ಇಲ್ಲ, ಸುಮ್ನೆ ತೂತಿಗೆ ಹುಣಸೆ ನಾರು ಸಿಕ್ಕಿಕೊಳ್ಳುತ್ತದೆ. ತೊಳೆದ ಮೇಲೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ತೂತಿನಲ್ಲಿ ನೀರು ನಿಂತರೆ ಉರಿ ತುಂಡುತುಂಡಾಗಿ ಬರುತ್ತದೆ.

ಬರ್ನರ್ ಕೆಳಗಿನ ಕೊಳವೆಯನ್ನೂ ಬಿಡಬೇಡಿ. ಜಿರಳೆ, ಜೇಡ ಸೇರಿಕೊಳ್ಳೋದು ಅಲ್ಲೇ. ಒಂದು ಜೇಡರ ಬಲೆ ಸಾಕು, ಗಾಳಿ ತಡೆದು ಉರಿ ಹಳದಿಯಾಗಲು. ಒಲೆಯ ಗಾಜಿನ ಮೈಯನ್ನು ದಪ್ಪ ಚಾದರದ ಮೇಲೆ ಬೋರಲು ಹಾಕಿ, ಬಾಟಲಿ ತೊಳೆಯುವ ಸಣ್ಣ ಬ್ರಶ್ ಕೊಳವೆಯಲ್ಲಿ ಆಡಿಸಿ. ಮತ್ತೆ ಜೋಡಿಸುವಾಗ ದೊಡ್ಡ ತಲೆ ದೊಡ್ಡದಕ್ಕೆ, ಸಣ್ಣದು ಸಣ್ಣದಕ್ಕೆ, ವಾಲದ ಹಾಗೆ ಕೂರಿಸಿ.

ಇಷ್ಟಾದ ಮೇಲೂ ಹಳದಿಯೇ ಬಂದರೆ ಜೆಟ್ ಬದಲಿಸಬೇಕು. ಹಳೆಯ ಜೆಟ್ಟಿನ ಅಳತೆಗೇ ಹೊಸದು ಬರಬೇಕು, ಕಣ್ಣಂದಾಜಿನಲ್ಲಿ ಹಾಕೋದು ಬೇಡ. ಈ ಕೆಲಸವನ್ನು ಒಲೆ ಕಂಪನಿಯ ಅಥವಾ ನಿಮ್ಮ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ಕಿಗೆ ಬಿಡಿ. ಹೊಸ ಒಲೆಯ ದುಡ್ಡಿನ ಮುಂದೆ ಜೆಟ್ಟಿನ ಬೆಲೆ ಏನೇನೂ ಅಲ್ಲ. ನಾಬ್ ಹಿಂದಿನ ವಾಲ್ವನ್ನು ಮಾತ್ರ ನೀವು ಬಿಚ್ಚಲೇಬೇಡಿ. ನಾಬ್ ಬಿಗಿಯಾಗಿದೆ ಅಂತ ಅಡುಗೆ ಎಣ್ಣೆ ಬಿಡೋದೂ ಬೇಡ. ಅಲ್ಲಿ ಸೋರಿದರೆ ಕೈಗೆ ಸಿಗದ ಜಾಗ.

ರಿಪೇರಿ ಆದ ಮೇಲೆ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರುತ್ತಿದೆ. ಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ, ದಯವಿಟ್ಟು ಬೇಡ. ವಾಸನೆ ಜೋರಾಗಿ ಬಂದರೆ ಲೈಟಿನ ಸ್ವಿಚ್ಚೂ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ತೊಳೆದ ಮೇಲೂ ಉರಿ ಹಳದಿಯೇ ಇದ್ದರೆ, ಜೆಟ್ ಬದಲಾಗುವವರೆಗೂ ಆ ದೊಡ್ಡ ಬರ್ನರ್ ಹಚ್ಚಬೇಡಿ. ಹಳದಿ ಉರಿಯಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಅದಕ್ಕೆ ವಾಸನೆಯೇ ಇಲ್ಲ.

ಪ್ರಶ್ನೆ: ಮನೆಗೆ ಪೈಪಿನ ಗ್ಯಾಸ್ ಬಂದಿದೆ. ಸಿಲಿಂಡರಿಗೆ ಚೆನ್ನಾಗಿದ್ದ ಒಲೆಯನ್ನೇ ಪರಿಚಯದವರೊಬ್ಬರು ಪೈಪಿಗೆ ಜೋಡಿಸಿದರು. ಈಗ ಎರಡೂ ಬರ್ನರಿನ ಉರಿ ತೀರಾ ಸಣ್ಣದು. ಒತ್ತಡ ಕಡಿಮೆ ಇರಬಹುದೇ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಸರ್, ಒತ್ತಡವೂ ಕಡಿಮೆಯೇ, ಆದರೆ ಅದು ದೋಷವಲ್ಲ. ಸಿಲಿಂಡರಿನ ಗ್ಯಾಸ್ ರೆಗ್ಯುಲೇಟರ್ ದಾಟಿ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಒಲೆಗೆ ಬರುತ್ತದೆ, ಪೈಪಿನ ಗ್ಯಾಸ್ ಸುಮಾರು 21ರಲ್ಲಿ. ಜೊತೆಗೆ ಸಿಲಿಂಡರಿನಲ್ಲಿ ಇರೋದು ಪ್ರೊಪೇನ್, ಬ್ಯುಟೇನ್. ಪೈಪಿನಲ್ಲಿ ಬರೋದು ಹೆಚ್ಚಾಗಿ ಮಿಥೇನ್. ಅಷ್ಟೇ ಗಾತ್ರದ ಗ್ಯಾಸ್ ಉರಿಸಿದರೆ ಮಿಥೇನಿನ ಕಾವು ಅರ್ಧಕ್ಕಿಂತ ಕಡಿಮೆ. ಅದಕ್ಕೇ ಪೈಪಿನ ಗ್ಯಾಸಿಗೆ ದೊಡ್ಡ ರಂಧ್ರದ ಜೆಟ್ ಬೇಕು. ನಿಮ್ಮ ಒಲೆಯಲ್ಲಿ ಹಳೆಯ ಜೆಟ್ಟೇ ಉಳಿದಿರಬೇಕು. ಪೈಪ್ ಗ್ಯಾಸ್ ಕಂಪನಿಯವರಿಗೆ ತಿಳಿಸಿ, ಅವರೇ ಬಂದು ಬದಲಿಸಲಿ. ಜೋಡಣೆಯನ್ನೂ ಅವರು ಒಮ್ಮೆ ನೋಡಲಿ, ಪರಿಚಯದವರು ಮಾಡುವ ಕೆಲಸ ಅದಲ್ಲ. ಡ್ರಿಲ್ ಹಾಕಿ ರಂಧ್ರ ದೊಡ್ಡದು ಮಾಡಿಕೊಡ್ತೀವಿ ಅನ್ನುವವರು ಸಿಕ್ಕಾರು, ಒಪ್ಪಬೇಡಿ.

ಹಾಗೆ ಬದಲಿಸಿದ ಒಲೆಯನ್ನು ಮತ್ತೆ ಸಿಲಿಂಡರಿಗೆ ಜೋಡಿಸಬಾರದು, ಉರಿ ಎತ್ತರಕ್ಕೆ ಏಳುತ್ತದೆ. ಇನ್ನೊಂದು ಮಾತು: ಸೋರಿದಾಗ ಸಿಲಿಂಡರ್ ಗ್ಯಾಸ್ ನೆಲಕ್ಕೆ ಇಳಿಯುತ್ತದೆ, ಪೈಪಿನ ಗ್ಯಾಸ್ ಮೇಲಕ್ಕೆ ಏರುತ್ತದೆ. ಅಡುಗೆಮನೆಯ ಮೇಲಿನ ಜಾಲಂದ್ರಕ್ಕೆ ರಟ್ಟು ಹೊಡೆದಿದ್ದರೆ ಇವತ್ತೇ ತೆಗೆಸಿ.

ಪ್ರಶ್ನೆ: ಕೇಕ್ ಮಾಡುವ ಓಟಿಜಿ ಓವನ್ನಿನ ಕೆಳಗಿನ ರಾಡ್ ಕಾಯುತ್ತಿಲ್ಲ. ಮೇಲಿನದು ಕೆಂಪಗಾಗುತ್ತದೆ. ನಾನೇ ಬಿಚ್ಚಿ ನೋಡಬಹುದಾ?
– ಕಾಲೇಜು ವಿದ್ಯಾರ್ಥಿನಿ, ಗದಗ

ಉತ್ತರ: ಮೊದಲು ನಾಬ್ ನೋಡಮ್ಮ. ಮೇಲಿನದು, ಕೆಳಗಿನದು, ಎರಡೂ ಅಂತ ಆರಿಸುವ ನಾಬ್ ಒಂದಿರುತ್ತದೆ. ಒರೆಸುವಾಗ ಅದು ಸರಿದಿರುವುದೇ ಜಾಸ್ತಿ. ನಾಬ್ ಸರಿ ಇದ್ದರೆ ರಾಡ್ ಒಡೆದಿದೆ, ಇಲ್ಲವೇ ಅದರ ತುದಿಯ ವೈರ್ ಸುಟ್ಟಿದೆ. ಪ್ಲಗ್ ಕಿತ್ತು, ಓವನ್ ತಣ್ಣಗಾದ ಮೇಲೆ ಪಕ್ಕದ ಮುಚ್ಚಳ ತೆಗೆದರೆ ವೈರ್ ತುದಿ ಕರಿದಾಗಿದೆಯೇ ಎಂದು ಕಣ್ಣಿಗೇ ಕಾಣುತ್ತದೆ. ಮಲ್ಟಿಮೀಟರ್ ಇದ್ದರೆ ರಾಡಿನ ಒಂದು ತುದಿಯ ವೈರ್ ಬಿಡಿಸಿ, ಎರಡೂ ತುದಿಗೆ ಹಿಡಿ. ಹತ್ತಾರು ಓಮ್ ತೋರಿಸಿದರೆ ರಾಡ್ ಸರಿ ಇದೆ, ಏನೂ ತೋರಿಸದಿದ್ದರೆ ಒಡೆದಿದೆ. ಬದಲಿಸುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಕೊಡು. ಸುಟ್ಟ ವೈರಿಗೆ ಮಾಮೂಲಿ ಇನ್ಸುಲೇಶನ್ ಟೇಪ್ ಸುತ್ತಿ ಕೊಟ್ಟರೆ ವಾಪಸ್ ಕೊಡು, ಆ ಕಾವಿಗೆ ಅದು ಕರಗುತ್ತದೆ. ಪ್ಲಗ್ 16 ಆಂಪಿಯರಿನ ಪಾಯಿಂಟಿಗೇ ಹಾಕು. 1500 ವ್ಯಾಟಿನ ಓವನ್ ಆರೂವರೆ ಆಂಪಿಯರ್ ಎಳೆಯುತ್ತದೆ, ಮಿಕ್ಸಿ ಹಾಕುವ 6 ಆಂಪಿಯರಿನ ಪಾಯಿಂಟ್ ಅದಕ್ಕೆ ಸಾಲದು.

ಇದೆಲ್ಲ ಓಟಿಜಿಗೆ ಮಾತ್ರ. ಮೈಕ್ರೋವೇವ್ ಆಗಿದ್ದರೆ ಪ್ಲಗ್ ಕಿತ್ತ ಮೇಲೂ ಬಿಚ್ಚಬೇಡ. ಒಳಗಿನ ಕೆಪಾಸಿಟರಿನಲ್ಲಿ ಉಳಿದ ಕರೆಂಟ್ ಜೀವ ತೆಗೆಯುವಷ್ಟು ಇರುತ್ತದೆ.