ಹೊಟ್ಟೆಯ ಬ್ಯಾಕ್ಟೀರಿಯಾ ಸರಿಮಾಡಿಕೊಂಡರೆ ಖಿನ್ನತೆಯ ಮಾತ್ರೆ ಬಿಡಬಹುದಾ? ಯಾವ ಪ್ರೊಬಯಾಟಿಕ್ ಒಳ್ಳೆಯದು?

ಬಿಡಬೇಡಿ. ನಾನು ಬಿಟ್ಟು ನೋಡಿದ್ದೇನೆ.

ಆತಂಕ, ಖಿನ್ನತೆ ಎರಡಕ್ಕೂ ಎಸ್‌ಎಸ್‌ಆರ್‌ಐ ಅನ್ನುವ ಗುಂಪಿನ ಒಂದು ಮಾತ್ರೆ ತಗೊಳ್ತಿದ್ದೆ. ನಿದ್ದೆ ಬರುತ್ತಿತ್ತು, ಕೆಲಸಕ್ಕೂ ಹೋಗುತ್ತಿದ್ದೆ. ಹೊಟ್ಟೆ ಮಾತ್ರ ಕೆಟ್ಟಿತ್ತು. ಬೆಳಿಗ್ಗೆ ಎದ್ದರೆ ಉಬ್ಬರ, ಮನೆಯಿಂದ ಹೊರಡುವ ಹೊತ್ತಿಗೆ ಮತ್ತೆ ಮತ್ತೆ ಟಾಯ್ಲೆಟ್. ಆಗ ಒಂದು ಲೇಖನ ಕಣ್ಣಿಗೆ ಬಿತ್ತು: ದೇಹದಲ್ಲಿ ಸುದ್ದಿ ಒಯ್ಯುವ ರಾಸಾಯನಿಕವಾದ ಸೆರಟೋನಿನ್‌ನಲ್ಲಿ ಸುಮಾರು ಶೇ. 90 ತಯಾರಾಗುವುದೇ ಕರುಳಿನಲ್ಲಂತೆ. ನನಗೆ ಅಷ್ಟು ಸಾಕಾಯಿತು. ಮಾತ್ರೆ ಕೆಲಸ ಮಾಡುವುದು ಸೆರಟೋನಿನ್ ಮೇಲೆ. ಅದು ಇರುವುದು ಕರುಳಿನಲ್ಲಿ. ಹಾಗಾದರೆ ಬ್ಯಾಕ್ಟೀರಿಯಾ ಸರಿಮಾಡಿಕೊಂಡರೆ ಆಯ್ತಲ್ವಾ, ಮಾತ್ರೆ ಯಾಕೆ?

ಎಡವಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾಗಬೇಡಿ. ಆ ಲೆಕ್ಕ ಸುಳ್ಳಲ್ಲ. ಕರುಳಿನ ಒಳಪದರದಲ್ಲಿರುವ ಕೆಲವು ಜೀವಕೋಶಗಳು ಸೆರಟೋನಿನ್ ಮಾಡುತ್ತವೆ. ಕೆಲವು ಬ್ಯಾಕ್ಟೀರಿಯಾಗಳು ಅವಕ್ಕೆ ಕುಮ್ಮಕ್ಕು ಕೊಡುತ್ತವೆ ಅಂತ 2015ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಗೊತ್ತಾಗಿದೆ. ಆದರೆ ಆ ಸೆರಟೋನಿನ್ ಇರುವುದು ಮುಖ್ಯವಾಗಿ ಹೊಟ್ಟೆಯ ಕೆಲಸಕ್ಕೆ, ತಿಂದದ್ದನ್ನು ಮುಂದೆ ತಳ್ಳುವುದಕ್ಕೆ. ರಕ್ತಕ್ಕೆ ಸೇರಿದರೂ ಮೆದುಳಿನೊಳಗೆ ಹೋಗುವುದಿಲ್ಲ, ನಡುವೆ ತಡೆಗೋಡೆ ಇದೆ. ಮೆದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಅಂದರೆ ಕರುಳಿನಲ್ಲಿ ಸೆರಟೋನಿನ್ ಎಷ್ಟೇ ಜಾಸ್ತಿಯಾದರೂ ನನ್ನ ಮಾತ್ರೆಯ ಕೆಲಸ ಅದು ಮಾಡುವುದಿಲ್ಲ. ಇದು ಆ ಲೇಖನದಲ್ಲಿ ಇರಲಿಲ್ಲ. ಇದ್ದಿದ್ದರೂ ನಾನು ಓದದೆ ಮುಂದೆ ಹೋಗುತ್ತಿದ್ದೆ, ಆ ಮಾತು ಬೇರೆ.

ಡಾಕ್ಟರಿಗೆ ಹೇಳದೆ ಮಾತ್ರೆ ಒಂದೇ ಸಲಕ್ಕೆ ನಿಲ್ಲಿಸಿ, ಪ್ರೊಬಯಾಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಕ್ಯಾಪ್ಸೂಲ್ ಶುರು ಮಾಡಿದೆ. ಕೆಲವೇ ದಿನಗಳಲ್ಲಿ ಶುರುವಾಯಿತು. ಕತ್ತು ತಿರುಗಿಸಿದರೆ ಸಾಕು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ ಅನ್ನುತ್ತಿತ್ತು. ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕು. ಟಿವಿಯಲ್ಲಿ ಸೋಪಿನ ಜಾಹೀರಾತು ಬಂದರೂ ಅಳು. ಈ ಮಾತ್ರೆ ತಟ್ಟನೆ ಬಿಟ್ಟರೆ ಹೀಗಾಗುವುದು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ನಾನೋ, ಒಳಗೆ ಕೆಟ್ಟ ಬ್ಯಾಕ್ಟೀರಿಯಾ ಸಾಯ್ತಿವೆ, ಅದಕ್ಕೇ ಹೀಗೆ ಅಂದುಕೊಂಡು ಪ್ರೊಬಯಾಟಿಕ್ ಕ್ಯಾಪ್ಸೂಲ್ ಎರಡು ಪಟ್ಟು ಮಾಡಿದೆ! ಆಮೇಲೆ ಆ ಜುಮ್ ನಿಂತಿತು. ಗೆದ್ದೆ ಅಂದುಕೊಂಡೆ. ನಿಧಾನವಾಗಿ ಹಳೆಯ ಖಿನ್ನತೆ ವಾಪಸ್ ಬಂತು. ಹಲ್ಲುಜ್ಜುವುದೇ ದೊಡ್ಡ ಕೆಲಸವಾಯಿತು. ಹೇಳದೆ ಕೇಳದೆ ರಜೆ ಹಾಕಿ ಹಾಕಿ ನೌಕರಿಯೂ ಹೋಯಿತು. ಕೊನೆಗೆ ಅಕ್ಕ ಏನೋ ಹುಡುಕಲು ಡ್ರಾಯರ್ ಎಳೆದಾಗ ಮುಟ್ಟದ ಮಾತ್ರೆ ಶೀಟುಗಳು ಸಿಕ್ಕವು. ಅವಳೇ ಎಳೆದುಕೊಂಡು ಹೋದಳು ಡಾಕ್ಟರ ಹತ್ತಿರ.

ಬ್ಯಾಕ್ಟೀರಿಯಾಕ್ಕೂ ಮನಸ್ಸಿಗೂ ನಂಟೇ ಇಲ್ಲ ಅನ್ನುತ್ತಿಲ್ಲ. 2011ರಲ್ಲಿ ಇಲಿಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾದ ಒಂದು ತಳಿ ಕೊಟ್ಟಾಗ ಅವುಗಳ ಆತಂಕ ಇಳಿದಿತ್ತು. ಹೊಟ್ಟೆಯಿಂದ ಮೆದುಳಿಗೆ ಹೋಗುವ ವೇಗಸ್ ನರ ಕತ್ತರಿಸಿದ ಇಲಿಗಳಲ್ಲಿ ಇಳಿಯಲಿಲ್ಲ. ಅಂದರೆ ಸುದ್ದಿ ಹೋಗುವ ದಾರಿ ನಿಜಕ್ಕೂ ಇದೆ. ಆದರೆ ಅದೇ ತಳಿಯನ್ನು ಆಮೇಲೆ ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದರು. ಔಷಧಿಯೇ ಇಲ್ಲದ ಹುಸಿ ಮಾತ್ರೆಗಿಂತ ಹೆಚ್ಚೇನೂ ಆಗಲಿಲ್ಲ. 2019ರಲ್ಲಿ ಬೆಲ್ಜಿಯಂನಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದಾಗ, ಖಿನ್ನತೆ ಇದ್ದವರಲ್ಲಿ ಕೊಪ್ರೊಕಾಕಸ್, ಡಯಲಿಸ್ಟರ್ ಅನ್ನುವ ಎರಡು ಬಗೆಯ ಬ್ಯಾಕ್ಟೀರಿಯಾ ಕಡಿಮೆ ಇದ್ದವು. ಕಡಿಮೆಯಾದ್ದಕ್ಕೆ ಖಿನ್ನತೆ ಬಂತು ಅಂತ ಅದು ಹೇಳುವುದಿಲ್ಲ. ಖಿನ್ನತೆಯಲ್ಲಿದ್ದಾಗ ನಾನು ಏನು ತಿನ್ನುತ್ತಿದ್ದೆ ಅಂತ ನನಗೆ ಗೊತ್ತು, ಆ ಊಟಕ್ಕೆ ಯಾವ ಬ್ಯಾಕ್ಟೀರಿಯಾ ಉಳಿಯಬೇಕು ಹೇಳಿ!

ಅದಕ್ಕೇ ಮಾತ್ರೆಯಾ, ಬ್ಯಾಕ್ಟೀರಿಯಾನಾ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿಕಾಣುತ್ತಿಲ್ಲ. 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಖಿನ್ನತೆ ಇದ್ದ 67 ಜನರ ಮೇಲೆ ಒಂದು ಸಣ್ಣ ಪ್ರಯೋಗ ನಡೆಯಿತು. ಊಟ ಸುಧಾರಿಸಿಕೊಂಡವರಲ್ಲಿ 12 ವಾರಕ್ಕೆ ಸುಮಾರು ಮೂರನೇ ಒಂದು ಭಾಗದವರು ಖಿನ್ನತೆಯಿಂದ ಹೊರಬಂದರು. ಇನ್ನೊಂದು ಗುಂಪಿನಲ್ಲಿ ಶೇ. 8 ಮಾತ್ರ. ಕೇಳಲು ಚೆನ್ನಾಗಿದೆ. ಆದರೆ ಅವರಲ್ಲಿ ಬಹುತೇಕರು ಆಗಲೇ ಮಾತ್ರೆಯೋ ಆಪ್ತಸಮಾಲೋಚನೆಯೋ ತಗೊಳ್ತಿದ್ದವರು. ಊಟ ಅದರ ಜೊತೆಗೆ. ನಾರು ಇರುವ ಕಾಳು, ತರಕಾರಿ, ಹಣ್ಣು ಜಾಸ್ತಿ ತಿನ್ನಿ, ಯಾರೂ ಬೇಡ ಅನ್ನುವುದಿಲ್ಲ.

ತಮಾಷೆ ಏನು ಗೊತ್ತಾ? ಆ ಶೇ. 90 ನನ್ನ ಹೊಟ್ಟೆಯ ವಿಷಯದಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವಂಥದ್ದಾಗಿತ್ತು. ಕರುಳಿನಲ್ಲೂ ಸೆರಟೋನಿನ್ ಇರುವುದರಿಂದಲೇ ಈ ಮಾತ್ರೆಗಳು ಕೆಲವರ ಹೊಟ್ಟೆ ಕೆಡಿಸುತ್ತವೆ. ಡಾಕ್ಟರ್ ಬೇರೆ ಮಾತ್ರೆಗೆ ನಿಧಾನವಾಗಿ ಬದಲಾಯಿಸಿದರು, ಉಬ್ಬರ ಬಹಳಷ್ಟು ಇಳಿಯಿತು. ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಮೊದಲೇ ಬದಲಾಯಿಸುತ್ತಿದ್ದರು.

ಯಾವ ಪ್ರೊಬಯಾಟಿಕ್ ಅಂತ ಕೇಳಿದ್ದೀರಿ. ಅದಕ್ಕೆ ಹೆಸರು ಹೇಳಲ್ಲ. ಹೊಟ್ಟೆಯ ತೊಂದರೆಯನ್ನು ಮಾತ್ರೆ ಬರೆದುಕೊಟ್ಟವರಿಗೇ ಹೇಳಿ, ನಾಚಿಕೆ ಬೇಡ. ಈಗಾಗಲೇ ನಿಲ್ಲಿಸಿಬಿಟ್ಟಿದ್ದರೆ ಇವತ್ತೇ ಫೋನ್ ಮಾಡಿ. ಮತ್ತೆ ಎಷ್ಟರಿಂದ ಶುರು ಮಾಡಬೇಕು ಅಂತ ಅವರೇ ಹೇಳಲಿ.